ಕಣ್ಣು ಉಜ್ಜಬೇಡಿ, ಮಕ್ಕಳೇ!

ಕಣ್ಣಿನ ಕಪ್ಪು ಭಾಗದ ಮುಂದೆ ಗಾಜಿನಂಥ ತೆಳು ಪರದೆಯೊಂದಿದೆ. ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ! ಕೆಲವರಲ್ಲಿ, ಹೆಚ್ಚಾಗಿ ಹದಿಹರೆಯದಲ್ಲಿ, ಅದು ಇನ್ನೂ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಇದೇ ಕೆರಟೋಕೋನಸ್.

ಸ್ಟೀಲ್ ಚಮಚದಲ್ಲಿ ಮುಖ ನೋಡಿಕೊಳ್ಳಿ. ಸೊಟ್ಟಗೆ ಕಾಣುತ್ತದೆ, ಅಲ್ಲವೇ? ಕಾರ್ನಿಯಾದ ಆಕಾರ ಕೆಟ್ಟರೆ ನೋಟವೂ ಹಾಗೇ. ಮೊದಲು ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತದೆ. ಆಮೇಲೆ ಒಂದೇ ದೀಪ ಎರಡು ಮೂರಾಗಿ ಕಾಣುತ್ತದೆ, ಅಕ್ಷರಗಳಿಗೆ ನೆರಳು ಮೂಡುತ್ತದೆ. ಮುಂದೆ ಕನ್ನಡಕ ಸಾಲದೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಬೇಕಾಗಬಹುದು; ತೀರಾ ಹದಗೆಟ್ಟರೆ ದಾನಿಯ ಕಾರ್ನಿಯಾವನ್ನು ಕಸಿ ಮಾಡಬೇಕಾಗಬಹುದು.

ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಕೋರಿಕೆ. ಮೊಮ್ಮಕ್ಕಳು ತುರಿಕೆಯೆಂದು ಕಣ್ಣು ಉಜ್ಜುತ್ತಿದ್ದರೆ ಗದರಿ ಸುಮ್ಮನಾಗಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಉಜ್ಜಿದಷ್ಟೂ ಈ ತೊಂದರೆ ಹೆಚ್ಚಬಹುದು. ತುರಿಕೆಗೆ ಔಷಧಿಯ ಹನಿಗಳಿವೆ. ಬೇಗ ಗೊತ್ತಾದರೆ ಆಸ್ಪತ್ರೆಯಲ್ಲಿ ಬಿ2 ಜೀವಸತ್ವದ ಹನಿ ಹಾಕಿ, ಅತಿನೇರಳೆ ಕಿರಣ ಹಾಯಿಸಿ ಪರದೆಯನ್ನು ಬಿಗಿಗೊಳಿಸುತ್ತಾರೆ. ಹಳೆಯ ಆಕಾರ ಪೂರ್ತಿ ಮರಳದು. ಆದರೆ ಮತ್ತಷ್ಟು ಕೆಡುವುದು ಸಾಮಾನ್ಯವಾಗಿ ನಿಲ್ಲುತ್ತದೆ.

ಒಂದು ಕಣ್ಣು ಕೆಟ್ಟರೂ ಇನ್ನೊಂದು ಅದನ್ನು ಮರೆಮಾಚುತ್ತದೆ. ಅದಕ್ಕೇ ಇವತ್ತೇ ಒಂದೊಂದೇ ಕಣ್ಣು ಮುಚ್ಚಿಸಿ, ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ.