ಇಲ್ಲದ ರೋಗಕ್ಕೆ ಮದ್ದು

ಆಳುಗಳ ಹಾಜರಿ, ಅಡಿಕೆ ಮಾರಾಟದ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಮನೆಯ ಕಂಪ್ಯೂಟರಿಗೆ ಬಂದಿರುವುದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಗಮನಕ್ಕೆ ತರುತ್ತಿದ್ದೇವೆ. ಪರದೆಯ ತುಂಬ ಕೆಂಪು ಎಚ್ಚರಿಕೆ, ಕೂಗುವ ಸದ್ದು, 'ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂಬ ಒಕ್ಕಣೆ. ಇಲ್ಲದ ಕೊಳೆರೋಗ ತೋರಿಸಿ ಕಲಬೆರಕೆ ಮೈಲುತುತ್ತ ಮಾರುವವನ ಕೆಲಸವೇ ಇದು. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ.

ಅಲ್ಲಿ ಏನನ್ನೂ ಒತ್ತಬೇಡಿ. ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಬ್ರೌಸರನ್ನು ಮುಚ್ಚಿ. ಪುನಃ ತೆರೆದಾಗ ಹಳೆಯ ಪುಟ ಬೇಕೇ ಎಂದು ಕೇಳಿದರೆ ಬೇಡವೆನ್ನಿ. ಬಹಳ ಸಲ ಇಷ್ಟಕ್ಕೇ ಮುಗಿಯುತ್ತದೆ. ಅವರು ಹೇಳಿದ ಪ್ರೋಗ್ರಾಮನ್ನು ಆಗಲೇ ಹಾಕಿಕೊಂಡಿದ್ದರೆ ಇಂಟರ್ನೆಟ್ ಕಡಿದು, ಅದನ್ನು ತೆಗೆದುಹಾಕಿ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಿಂದ ಆಫ್‌ಲೈನ್ ಸ್ಕ್ಯಾನ್ ಮಾಡಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಫೋನಿನಿಂದ ಬದಲಿಸಬೇಕು.

ನಮ್ಮ ಆಕ್ಷೇಪ ಇರುವುದು ಪೇಟೆಯಲ್ಲಿರುವ ಮಕ್ಕಳ ಮೇಲೆ. ಯಂತ್ರ ತಂದಿಟ್ಟು ಹೋಗುತ್ತಾರೆ, ಅಪ್ಪ ಮೋಸಹೋದರೆ ಗದರುತ್ತಾರೆ. ಆಮೇಲೆ ಅಪ್ಪ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ. ಹಣ ಹೋಗಿದ್ದರೆ ನಾಚಿಕೆ ಬಿಟ್ಟು ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.