ಪ್ಲಾನ್ 9 ಸೋತಿತೆಂದವರಿಗೆ

ಮೊನ್ನೆ ನಮ್ಮ ಕಾಲೇಜಿನ ಸಭೆಗೆ ಬಂದಿದ್ದ ಕಂಪ್ಯೂಟರ್ ಪಂಡಿತರೊಬ್ಬರು, ಅಮೆರಿಕದ ಬೆಲ್ ಲ್ಯಾಬ್ಸಿನ 'ಪ್ಲಾನ್ 9' ಎಂಬ ಆಪರೇಟಿಂಗ್ ಸಿಸ್ಟಂ ವಿದ್ವಾಂಸರ ಹುಚ್ಚಾಟವೆಂದೂ ಅದರಿಂದ ಯಾರಿಗೂ ಕವಡೆಯಷ್ಟು ಪ್ರಯೋಜನವಾಗಲಿಲ್ಲವೆಂದೂ ಅಪ್ಪಣೆ ಕೊಡಿಸಿದರು. ಸಭಿಕರು ನಕ್ಕರು. ನಾನು ಕನ್ನಡದ ಮೇಷ್ಟ್ರು. ಆ ಶಾಸ್ತ್ರದಲ್ಲಿ ಬಾಯಿ ಹಾಕಲು ನನಗೇನು ಅಧಿಕಾರವೆಂದು ಅಂದು ಸುಮ್ಮನಿದ್ದೆ. ಸುಮ್ಮನಿದ್ದುದು ತಪ್ಪೆಂದು ಈಗ ತೋರುತ್ತಿದೆ.

ಅದು ಮಾರುಕಟ್ಟೆಯಲ್ಲಿ ಸೋತದ್ದು ನಿಜ. ಯೂನಿಕ್ಸನ್ನು ಕಟ್ಟಿದ ಮನೆಯವರೇ ಅದರ ಕುಂದುಗಳನ್ನು ನೀಗಲೆಂದು 1980ರ ದಶಕದ ಕೊನೆಯಲ್ಲಿ ಇದಕ್ಕೆ ಕೈಹಾಕಿದರು. 1995ರಲ್ಲಿ 350 ಡಾಲರ್ ಬೆಲೆಯಿಟ್ಟರು. ಆ ವೇಳೆಗೆ ಲಿನಕ್ಸ್ ಪುಕ್ಕಟೆ ಸಿಗುತ್ತಿತ್ತು. ಕೊಳ್ಳುವವರು ಯಾರು? ಕಡೆಗೆ ಬೆಲ್ ಲ್ಯಾಬ್ಸ್ ಅದನ್ನು ಕೈಬಿಟ್ಟಿತು. 2021ರಲ್ಲಿ ಅದರ ಹಕ್ಕು ಪ್ರತಿಷ್ಠಾನವೊಂದರ ಪಾಲಾಯಿತು.

ಆದರೆ 1992ರ ಸೆಪ್ಟೆಂಬರಿನಲ್ಲಿ ನಡೆದುದನ್ನು ಪಂಡಿತರು ಹೇಳಲಿಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಆಗಲೇ ಹುಟ್ಟಿತ್ತು. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಒಳ್ಳೆಯ ಕ್ರಮವಿರಲಿಲ್ಲ. ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್, ತಟ್ಟೆಯಡಿ ಹಾಸುವ ಕಾಗದದ ಮೇಲೆ ಅಂಥದೊಂದು ಕ್ರಮವನ್ನು ಗೀಚಿದರು. ವಾರ ತುಂಬುವ ಮೊದಲೇ ಪ್ಲಾನ್ 9 ಇಡಿಯಾಗಿ ಅದಕ್ಕೆ ಹೊರಳಿತ್ತು. ಬಳಸುವವರು ಕೆಲವೇ ಮಂದಿಯಾದ್ದರಿಂದಲೇ ಅದು ಸಾಧ್ಯವಾಯಿತೆಂದು ನನ್ನ ಎಣಿಕೆ. ಅದೇ ಯುಟಿಎಫ್-8. ಇಂದು ಅಂತರ್ಜಾಲದ ಪುಟಗಳು ಹೆಚ್ಚುಕಡಮೆ ಎಲ್ಲವೂ ಅದರಲ್ಲಿವೆ.

ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ನಮ್ಮ 'ಕ'ಕಾರಕ್ಕೆ ಮೂರು. ಇದು ಪಕ್ಷಪಾತವಲ್ಲವೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸುತ್ತಾರೆ. ಪಕ್ಷಪಾತವೇ ಸರಿ. ಆದರೆ ಇಂಗ್ಲಿಷಿನ ಹಳೆಯ ಕಡತಗಳು ಒಂದು ಚುಕ್ಕೆಯೂ ಬದಲಾಗದೆ ಉಳಿದುದರಿಂದ ಹಳೆಯ ಪ್ರೋಗ್ರಾಂಗಳು ಮುರಿದುಬೀಳಲಿಲ್ಲ. ಆ ಬಾಗಿಲಿನಿಂದಲೇ ಕನ್ನಡವೂ ಒಳಗೆ ಬಂತು. ಎರಡು ಬೈಟಿನ ಸುಂಕವನ್ನು ನಾನಂತೂ ಸಂತೋಷದಿಂದ ತೆತ್ತೇನು.

ಏಕೆಂದರೆ, 2003ರಲ್ಲಿ ಎಂ.ಎ.ಗೆಂದು ನಾನು ಬೆರಳಚ್ಚಿಸಿದ ಪ್ರಬಂಧ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟೊಂದರಲ್ಲಿತ್ತು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಪಂಪನ ಹೆಸರೂ ಕಾಣದು, ಬರಿಯ ಕಸ. ಈಚೆಗೆ ವಿದ್ಯಾರ್ಥಿನಿಯೊಬ್ಬಳು ಪಂಪನ ಮೇಲೆಯೇ ಬರೆದುದನ್ನು ತನ್ನ ಫೋನಿನಿಂದ ಕಳುಹಿಸಿದಳು. ಒಂದು ಒತ್ತಕ್ಷರವೂ ಚದುರದೆ ಬಂತು. ಪಂಡಿತರಿಗೆ ಅಂದಿನ ಸಭೆಯ ಆಹ್ವಾನವೂ ಕನ್ನಡದಲ್ಲಿಯೇ ಅವರ ಫೋನಿಗೆ ಹೋಗಿತ್ತು. ಕಳುಹಿಸಿದವನು ನಾನೇ.