ಗುಲ್ಮಾರ್ಗಕ್ಕೆ ಹೊರಟವನೊಡನೆ ಒಂದು ತಕರಾರು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಮೇಷ್ಟ್ರೇ, ಮಕ್ಕಳಿಗೆ ಸ್ಕೀಯಿಂಗ್ ಕಲಿಸಲು ಗುಲ್ಮಾರ್ಗಕ್ಕೆ ಹೊರಟಿದ್ದೇವೆ. ಗೊಂಡೋಲಾದ ಎರಡನೆಯ ಹಂತದ ಟಿಕೆಟ್ಟೂ ಸಿಕ್ಕಿತು" ಎಂದ. ಮಕ್ಕಳಿಗೆ ಒಂಬತ್ತು ಮತ್ತು ಆರು ವರ್ಷ. ಜೊತೆಗೆ ಎಪ್ಪತ್ತು ದಾಟಿದ ತಾಯಿ. ಅಂದಿನಿಂದ ಮನಸ್ಸಿನಲ್ಲಿ ಕುದಿಯುತ್ತಿರುವುದನ್ನು ಬರೆದುಬಿಡುತ್ತೇನೆ. ಅವನು ಕೋಪಿಸಿಕೊಂಡರೂ ಚಿಂತೆಯಿಲ್ಲ.

ಅತಿ ಎತ್ತರಕ್ಕೆ ಒಯ್ಯುವ ತಾಣವೇ ಕುಟುಂಬಕ್ಕೆ ಶ್ರೇಷ್ಠ ತಾಣವೆಂಬ ಈ ಮೂಢನಂಬಿಕೆಯನ್ನು ನಮ್ಮವರ ತಲೆಗೆ ತುಂಬಿದವರಾರು? ಗುಲ್ಮಾರ್ಗದ ಹುಲ್ಲುಗಾವಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಎರಡನೆಯ ಹಂತವು ಅಫರ್ವತ್ ಪರ್ವತದ ಮೇಲೆ ಸುಮಾರು 3,950 ಮೀಟರಿಗೆ ಒಯ್ದು ಬಿಡುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂದು ನಾನೇ ಇವನಿಗೆ ಬಾಯಿಪಾಠ ಮಾಡಿಸಿದ್ದೆ, ಅದರ ಎರಡರಷ್ಟು! 2018ರ ಫೆಬ್ರವರಿಯಲ್ಲಿ ಪ್ರವಾಸ ಸಂಸ್ಥೆಯವರ ಮಾತು ಕೇಳಿ ನಾವೂ ಅಲ್ಲಿಗೆ ಏರಿದ್ದೆವು. ಹತ್ತೇ ನಿಮಿಷಗಳಲ್ಲಿ ನನ್ನ ಮನೆಯವಳಿಗೆ ಏದುಸಿರು, ತಲೆನೋವು. ಏಳು ವರ್ಷದ ಮೊಮ್ಮಗಳು ಚಳಿಗಾಳಿಗೆ ಅತ್ತದ್ದಷ್ಟೇ ಬಂತು. ಮರುದಿನ ಕೆಳಗಿನ ಹುಲ್ಲುಗಾವಲಿನ ಸಣ್ಣ ಇಳಿಜಾರಿನಲ್ಲಿ ಅದೇ ಮಗು ಹತ್ತಾರು ಬಾರಿ ಬಿದ್ದು, ಎದ್ದು, ನಕ್ಕು, ಸಂಜೆಯ ಹೊತ್ತಿಗೆ ತಾನೇ ನಿಲ್ಲುವುದನ್ನು ಕಲಿತಿತ್ತು.

ಮೇಲಿನ ಇಳಿಜಾರುಗಳು ನುರಿತವರಿಗೆ. ಅಲ್ಲಿ ಹಿಮಪಾತದ ಭಯ ಕಲ್ಪನೆಯಲ್ಲ: 2023ರ ಫೆಬ್ರವರಿಯಲ್ಲಿ ಇಬ್ಬರು, 2024ರ ಫೆಬ್ರವರಿಯಲ್ಲಿ ಒಬ್ಬರು ವಿದೇಶೀ ಸ್ಕೀಯರುಗಳು ಜಾರಿಬಂದ ಹಿಮರಾಶಿಗೆ ಸಿಲುಕಿ ಪ್ರಾಣ ಕಳೆದುಕೊಂಡರು.

ಹಿರಿಯ ಮಗನಿಗೆ ಸ್ನೋಬೋರ್ಡೇ ಬೇಕಂತೆ. ಬೇಡವೆನ್ನುವವನು ನಾನಲ್ಲ, ಆದರೆ ಸ್ನೋಬೋರ್ಡಿನಲ್ಲಿ ಎರಡೂ ಪಾದಗಳು ಒಂದೇ ಹಲಗೆಗೆ ಬಂಧಿ. ಹೊಸಬ ಬೀಳುವಾಗ ಕೈಯೂರುತ್ತಾನೆ, ಮಣಿಕಟ್ಟು ಮುರಿಯುವುದು ಹಾಗೆಯೇ. ಸ್ಕೀಯಲ್ಲಾದರೋ ಪಾದಗಳು ಬೇರೆಬೇರೆ. ಮುಂತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಆರು ವರ್ಷದ ಮಗುವಿಗೂ ಇದು ತಿಳಿಯುತ್ತದೆ. ಏನೇ ಆಗಲಿ, ತಲೆಗೆ ಹೆಲ್ಮೆಟ್ ಇರಲೇಬೇಕು.

"ಹಾಗಾದರೆ ಔಲಿಗೆ ಹೋಗಲೇ?" ಎಂದ. ಜೋಶಿಮಠದಲ್ಲಿ ನೆಲ ಬಿರುಕುಬಿಟ್ಟಾಗ, 2023ರ ಜನವರಿಯಲ್ಲಿ, ಔಲಿಯ ರೋಪ್‌ವೇ ನಿಂತುಹೋದದ್ದನ್ನು ಇವನು ಕೇಳಿಯೇ ಇರಲಿಲ್ಲ! ಹಿಮ ಬಿದ್ದಿದೆಯೇ ಎಂದು ವಿಚಾರಿಸುವ ಗೋಜಿಗೂ ಹೋಗಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲೇ ಬರಡಾಗಿತ್ತು. 2025ರ ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲದೆ ಮುಂದೂಡಬೇಕಾಯಿತು. ಕೊಠಡಿಯ ಕಿಟಕಿಯಿಂದ ಕಾಣುವ ನೋಟದ ಬಗ್ಗೆ ಮಾತ್ರ ಹತ್ತು ಪ್ರಶ್ನೆ ಕೇಳಿದ್ದಾನಂತೆ. ಮಕ್ಕಳಿಗೆ ಕಲಿಸುವವರು ಯಾರು, ಒಬ್ಬ ಶಿಕ್ಷಕನಿಗೆ ಎಷ್ಟು ಮಕ್ಕಳು ಎಂಬ ಪ್ರಶ್ನೆಗಳು ಆ ಹತ್ತರಲ್ಲಿಲ್ಲ. ಶಾಲೆಗೆ ಸೇರಿಸುವಾಗ ಹೀಗೆ ಮಾಡಿದ್ದನೇ?

ಗುಲ್ಮಾರ್ಗಕ್ಕೇ ಹೋಗಲಿ. ಆ ಎರಡನೆಯ ಹಂತದ ಟಿಕೆಟ್ಟಿನ ಹಣ ಹೋದರೆ ಹೋಗಲಿ. "ನೋಡೋಣ ಮೇಷ್ಟ್ರೇ" ಎಂದು ಫೋನಿಟ್ಟಿದ್ದಾನೆ. ಅವನ ತಾಯಿಯ ಸಂಖ್ಯೆ ನನ್ನ ಬಳಿ ಇದೆ, ಇಂದು ಸಂಜೆ ಅವರಿಗೇ ಫೋನ್ ಮಾಡುವವನಿದ್ದೇನೆ.